ವಾರದ ರಜೆಯ ಬದಲು ದುಡ್ಡು ಕೊಟ್ಟರೆ ಲೆಕ್ಕ ಚುಕ್ತಾ ಆಗುತ್ತಾ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ವಿಭಾಗದಲ್ಲಿದ್ದೇನೆ. ಒಟ್ಟು ಇಪ್ಪತ್ತೆರಡು ಜನ ಕೆಲಸಗಾರರು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಕೆಲಸ, ನಡುವೆ ಒಂದು ಗಂಟೆ ಊಟಕ್ಕೆ. ಸಂಬಳ 15,600 ರೂಪಾಯಿ. ಮಂಗಳವಾರ ನನ್ನ ವಾರದ ರಜೆ. ಆದರೆ ಗಣೇಶನ ಹಬ್ಬದಿಂದ ದೀಪಾವಳಿವರೆಗೆ ರಜೆ ಇಲ್ಲ. ಬದಲಿಗೆ ಆ ದಿನದ್ದು 600 ರೂಪಾಯಿ ಜಾಸ್ತಿ ಕೊಡುತ್ತಾರೆ. ಉಳಿದ ತಿಂಗಳಲ್ಲೂ ಮಂಗಳವಾರ ಸಂಜೆ 'ಸ್ಟಾಕ್ ಬಂದಿದೆ, ಎರಡು ಗಂಟೆ ಬಂದು ಹೋಗಿ' ಎಂದು ಫೋನ್ ಬರುತ್ತದೆ. ಕೇಳಿದರೆ, 'ಕೆಲಸಕ್ಕೆ ಸೇರುವಾಗಲೇ ಒಪ್ಪಿ ಸಹಿ ಹಾಕಿದ್ದೀರಲ್ಲ' ಅನ್ನುತ್ತಾರೆ. ದುಬೈನಲ್ಲಿರುವ ನಮ್ಮ ಭಾವ, 'ಇದಕ್ಕೆ ಅಂತಾರಾಷ್ಟ್ರೀಯ ಕಾನೂನೇ ಇದೆ' ಎಂದರು. ಅದು ನನ್ನಂಥವರಿಗೂ ಅನ್ವಯಿಸುತ್ತಾ? ನನ್ನ ಹೆಸರು ಹಾಕಬೇಡಿ.

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ. ವಾರದ ರಜೆ ಎಂದರೆ ಹಣವಲ್ಲ, ಸಮಯ. ಕಿತ್ತುಕೊಂಡ ಸಮಯಕ್ಕೆ ಬದಲಾಗಿ ಸಮಯವನ್ನೇ ಕೊಡಬೇಕು. ರಜೆಯ ದಿನ ದುಡಿಸಿದ್ದಕ್ಕೆ ಹಣವನ್ನೂ ಕೊಡಬೇಕು, ಆದರೆ ಅದು ಬೇರೆ ಲೆಕ್ಕ. ನಿಮ್ಮ ಸಹಿಯಿಂದ ಈ ಹಕ್ಕು ಹೋಗುವುದಿಲ್ಲ. ಭಾವ ಹೇಳಿದ ಅಂತಾರಾಷ್ಟ್ರೀಯ ಕಾನೂನು ಇರುವುದು ನಿಜ. ಆದರೆ ಅದು ನಿಮ್ಮ ಅಂಗಡಿಯ ತನಕ ನೇರವಾಗಿ ಬರುವುದಿಲ್ಲ. ಸ್ವಲ್ಪ ಸುತ್ತು ಹಾಕಿ ಬರುತ್ತದೆ. ಆ ದಾರಿ ಗೊತ್ತಿದ್ದರೆ ಮಾಲೀಕರ ಎದುರು ಮಾತಾಡುವಾಗ ಯಾವುದನ್ನು ಎತ್ತಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿಯುತ್ತದೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, ಹುಟ್ಟಿದ್ದು 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮೇಲೆ. ಭಾರತ ಅದರ ಸ್ಥಾಪಕ ಸದಸ್ಯ ದೇಶಗಳಲ್ಲಿ ಒಂದು. ಅದೇ ವರ್ಷದ ವರ್ಸೇಲ್ಸ್ ಒಪ್ಪಂದದಲ್ಲಿ ಕಾರ್ಮಿಕರಿಗೆ ಸಿಗಲೇಬೇಕಾದವು ಎಂದು ಕೆಲವು ತತ್ವಗಳನ್ನು ಬರೆದಿಟ್ಟರು. ವಾರಕ್ಕೆ ಕನಿಷ್ಠ 24 ಗಂಟೆ ವಿಶ್ರಾಂತಿ ಆ ಪಟ್ಟಿಯಲ್ಲೇ ಇತ್ತು. ಎರಡು ವರ್ಷ ಕಳೆದು, 1921ರ ನವೆಂಬರ್‌ನಲ್ಲಿ, ಜಿನೀವಾದಲ್ಲಿ ಐಎಲ್‌ಒದ 14ನೇ ಸಂಖ್ಯೆಯ ಒಡಂಬಡಿಕೆ, ಅಂದರೆ ಅನುಮೋದಿಸಿದ ದೇಶಗಳು ಪಾಲಿಸಬೇಕಾದ ಒಪ್ಪಂದ, ಬಂತು. ಕೈಗಾರಿಕೆಯಲ್ಲಿ ದುಡಿಯುವ ಎಲ್ಲರಿಗೂ, ಖಾಸಗಿಯಿರಲಿ ಸರ್ಕಾರಿಯಿರಲಿ, ಪ್ರತಿ ಏಳು ದಿನದ ಅವಧಿಯಲ್ಲಿ ಒಂದೇ ಸಮನೆ ಕನಿಷ್ಠ 24 ಗಂಟೆ ವಿಶ್ರಾಂತಿ ಸಿಗಬೇಕು ಎನ್ನುವುದು ಅದರ ಮುಖ್ಯ ಮಾತು. ಭಾರತ ಇದನ್ನು 1923ರ ಮೇ ತಿಂಗಳಲ್ಲೇ ಅನುಮೋದಿಸಿತು. ಅಂದರೆ ನೂರು ವರ್ಷ ದಾಟಿದ ಮಾತು ಇದು.

ಈ ಬೇಡಿಕೆ ಜಿನೀವಾದಿಂದ ನಮಗೆ ಇಳಿದು ಬಂದದ್ದು ಎಂದುಕೊಳ್ಳಬೇಡಿ. ಅದಕ್ಕೂ ಬಹಳ ಮೊದಲೇ ಮುಂಬೈಯ ಗಿರಣಿ ಕಾರ್ಮಿಕರು ಇದನ್ನು ಕೇಳಿದ್ದರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಕಾರ್ಮಿಕರನ್ನು ಸೇರಿಸಿ ಒಂದು ಮನವಿ ಕೊಡಿಸಿದರು. 5,500 ಜನ ಅದಕ್ಕೆ ಸಹಿ ಹಾಕಿದ್ದರು. ಭಾನುವಾರ ಪೂರ್ತಿ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ತಿಂಗಳ ಹದಿನೈದರೊಳಗೆ ಸಂಬಳ: ಬೇಡಿಕೆಗಳು ಇಷ್ಟು ಸರಳವಾಗಿದ್ದವು. ಇವಕ್ಕೂ ಆರು ವರ್ಷ ಹೋರಾಡಬೇಕಾಯಿತು. 1890ರ ಏಪ್ರಿಲ್‌ನಲ್ಲಿ ಮುಂಬೈಯಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರ ಸಭೆ ನಡೆಯಿತು. ಅಲ್ಲಿ ಇಬ್ಬರು ಹೆಣ್ಣುಮಕ್ಕಳು ಎದ್ದು ನಿಂತು ಮಾತಾಡಿದರು. ಆ ಕಾಲದಲ್ಲಿ ಅದಕ್ಕೆ ಎಷ್ಟು ಧೈರ್ಯ ಬೇಕಿತ್ತು ಯೋಚಿಸಿ. ಅದೇ ಜೂನ್‌ನಲ್ಲಿ ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಮರುವರ್ಷ, 1891ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೊಂದು ರಜೆ ಸೇರಿತು. ವಾರದ ರಜೆಯನ್ನು ಮಾಲೀಕರು ಕೊಡುವ ಸವಲತ್ತು ಎಂದು ಯಾರಾದರೂ ಹೇಳಿದಾಗ ನನಗೆ ಈ ಸಭೆಯೇ ನೆನಪಾಗುತ್ತದೆ.

ಇನ್ನು ನಿಮ್ಮ ಅಂಗಡಿಯ ವಿಷಯ. ನಾವು ಅನುಮೋದಿಸಿದ 14ನೇ ಒಡಂಬಡಿಕೆ ಕಾರ್ಖಾನೆ, ಗಣಿ, ಕಟ್ಟಡ ಕೆಲಸ, ಸಾರಿಗೆ ಇಂಥ ಕಡೆಗಳಿಗೆ ಮಾತ್ರ. ಅಂಗಡಿ, ಕಚೇರಿಗಳಿಗೆ 1921ರಲ್ಲಿ ಬರೀ ಒಂದು ಶಿಫಾರಸು ಮಾಡಿ ಬಿಟ್ಟರು. ಅಂಗಡಿ ಕೆಲಸಗಾರರಿಗೆ ಪೂರ್ಣ ಒಡಂಬಡಿಕೆ ಸಿಕ್ಕಿದ್ದು 1957ರಲ್ಲಿ, ಅದರ ಸಂಖ್ಯೆ 106. ಇದನ್ನು ಭಾರತ ಅನುಮೋದಿಸಿಲ್ಲ. ಹಾಗಾಗಿ ಮಾಲೀಕರ ಮುಂದೆ ಹೋಗಿ 'ಅಂತಾರಾಷ್ಟ್ರೀಯ ಕಾನೂನಿದೆ' ಎಂದಷ್ಟೇ ಹೇಳಿದರೆ, ಅವರ ವಕೀಲರು ಒಂದೇ ಮಾತಲ್ಲಿ ತಳ್ಳಿಹಾಕುತ್ತಾರೆ. ಅಲ್ಲದೆ, ಅನುಮೋದನೆಯಾದ ಒಡಂಬಡಿಕೆಯೂ ನಮ್ಮಲ್ಲಿ ತಾನಾಗಿ ಕಾನೂನಾಗುವುದಿಲ್ಲ. ಸಂಸತ್ತೋ ವಿಧಾನಸಭೆಯೋ ಅದನ್ನು ಕಾಯ್ದೆಯಲ್ಲಿ ತರಬೇಕು. ಕಾಯ್ದೆಯ ಅರ್ಥ ಅಸ್ಪಷ್ಟವಾಗಿದ್ದಾಗ ನ್ಯಾಯಾಲಯಗಳು ಇಂಥ ಒಡಂಬಡಿಕೆಗಳ ಬೆಳಕಲ್ಲಿ ಅದನ್ನು ಓದುತ್ತವೆ. ಅದು ಸಣ್ಣ ಲಾಭವೇನಲ್ಲ. ಆದರೂ ಮೊದಲ ಹೆಜ್ಜೆಗೆ ನಿಮಗೆ ಬೇಕಾದದ್ದು ನಮ್ಮ ರಾಜ್ಯದ ಕಾಯ್ದೆ.

ಅದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಇದರ 12ನೇ ಸೆಕ್ಷನ್ ಪ್ರಕಾರ ಪ್ರತಿ ಕೆಲಸಗಾರರಿಗೆ ವಾರದಲ್ಲಿ ಕನಿಷ್ಠ ಒಂದು ಪೂರ್ತಿ ದಿನ ವಿಶ್ರಾಂತಿಗೆ ಕೊಡಬೇಕು. ಅದಕ್ಕೆ ಸಂಬಳ ಹಿಡಿಯುವಂತಿಲ್ಲ. 'ಈಗ ಅಂಗಡಿ ವರ್ಷಪೂರ್ತಿ ತೆಗೆದಿರಬಹುದು ಎಂದು ಸರ್ಕಾರವೇ ಹೇಳಿದೆ' ಎಂದು ನಿಮ್ಮ ಮಾಲೀಕರು ಹೇಳಬಹುದು. ಅರ್ಧ ನಿಜ. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಗಳು ವರ್ಷದ ಎಲ್ಲ ದಿನವೂ ತೆರೆದಿರಬಹುದು ಎಂದು ಆದೇಶ ಮಾಡಿತು. ಆದರೆ ಅದೇ ಆದೇಶದಲ್ಲಿ ಷರತ್ತಿದೆ: ಪ್ರತಿಯೊಬ್ಬರಿಗೂ ಸರದಿ ಪ್ರಕಾರ ವಾರದ ರಜೆ ಸಿಗುವಂತೆ ಹೆಚ್ಚುವರಿ ಜನರನ್ನು ಇಟ್ಟುಕೊಳ್ಳಬೇಕು. ರಜೆ ಇಲ್ಲದಿರುವುದು ಅಂಗಡಿಯ ಬಾಗಿಲಿಗೆ, ಒಳಗೆ ನಿಂತು ಸೀರೆ ಬಿಚ್ಚಿ ತೋರಿಸುವವರಿಗಲ್ಲ.

2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹತ್ತು ಮತ್ತು ಹೆಚ್ಚು ಕೆಲಸಗಾರರಿರುವ ಕಡೆಗಳಿಗೆ ಅನ್ವಯಿಸುವ ಔದ್ಯೋಗಿಕ ಸುರಕ್ಷತಾ ಸಂಹಿತೆಯ 26ನೇ ಸೆಕ್ಷನ್ ತುಂಬಾ ಚುಟುಕಾಗಿದೆ: ಯಾವ ಕೆಲಸಗಾರರನ್ನೂ ಒಂದು ವಾರದಲ್ಲಿ ಆರು ದಿನಕ್ಕಿಂತ ಜಾಸ್ತಿ ದುಡಿಯಲು ಬಿಡಬಾರದು. ಸರ್ಕಾರದ ವಿನಾಯಿತಿಯಿಂದ ರಜೆ ತಪ್ಪಿದ್ದರೆ, ತಪ್ಪಿದಷ್ಟೇ ದಿನಗಳನ್ನು ಅದೇ ತಿಂಗಳು ಅಥವಾ ಮುಂದಿನ ಎರಡು ತಿಂಗಳೊಳಗೆ ಬದಲಿ ರಜೆಯಾಗಿ ಕೊಡಬೇಕು. ವಿನಾಯಿತಿ ಪಡೆದವರೇ ದಿನಕ್ಕೆ ದಿನ ತೀರಿಸಬೇಕಾದಾಗ, ಯಾವ ವಿನಾಯಿತಿಯೂ ಇಲ್ಲದ ನಿಮ್ಮ ಮಾಲೀಕರು 600 ರೂಪಾಯಿ ಕೊಟ್ಟು ಕೈತೊಳೆದುಕೊಳ್ಳುವುದು ಹೇಗೆ ಸರಿ?

ಇಲ್ಲಿ 'ದುಡಿಯಲು ಬಿಡಬಾರದು' ಎಂಬ ಮಾತನ್ನು ಗಮನಿಸಿ. 'ಒತ್ತಾಯಿಸಬಾರದು' ಎಂದಷ್ಟೇ ಇಲ್ಲ. 1948ರ ಕಾರ್ಖಾನೆ ಕಾಯ್ದೆಯ 52ನೇ ಸೆಕ್ಷನ್ನಿನಲ್ಲೂ ಹೀಗೇ ಇತ್ತು: ಬಾ ಎನ್ನಲೂಬಾರದು, ತಾನಾಗಿ ಬಂದರೆ ಒಳಗೆ ಬಿಡಲೂಬಾರದು. ಕಾನೂನು ಹೀಗೆ ಬಿಗಿಯಾಗಿರುವುದಕ್ಕೆ ಕಾರಣವಿದೆ. ಸಂಬಳ ಸಾಲದವರು ರಜೆಯನ್ನು ಮಾರಲು ಯಾವಾಗಲೂ ಸಿದ್ಧರಿರುತ್ತಾರೆ. ಮಗಳ ಫೀಸು, ಮನೆ ಬಾಡಿಗೆ, ಸಂಘದ ಕಂತು ಎದುರಿಗಿದ್ದಾಗ 600 ರೂಪಾಯಿ ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತೆ ಹೇಳಿ? ಒಬ್ಬರು ಮಾರಿದರೆ ಪಕ್ಕದವರೂ ಮಾರಲೇಬೇಕಾಗುತ್ತದೆ. 'ಅವಳು ಬರ್ತಾಳೆ, ನಿನಗೇನು ಕಷ್ಟ?' ಎಂಬ ಮಾತು ಶುರುವಾಗುತ್ತದೆ. ಕೊನೆಗೆ ರಜೆ ಕೇಳುವವರೇ ತಪ್ಪಿತಸ್ಥರಾಗುತ್ತಾರೆ. ಈ ಪೈಪೋಟಿಗೆ ಕೆಲಸಗಾರರನ್ನು ಇಳಿಸಬಾರದು ಎಂದೇ ಕಾನೂನು ಆ ದಿನವನ್ನು ಮಾರಾಟದಿಂದ ಹೊರಗಿಟ್ಟಿದೆ. ನಿಮ್ಮ ಸಹಿಯ ಪ್ರಶ್ನೆಗೂ ಇದೇ ಉತ್ತರ. ಕಾಯ್ದೆ ಕೊಟ್ಟದ್ದನ್ನು ಖಾಸಗಿ ಕರಾರಿನಿಂದ ತೆಗೆದುಹಾಕಲಾಗದು. ಕಾನೂನಿನ ಉದ್ದೇಶವನ್ನೇ ಸೋಲಿಸುವ ಕರಾರು ಅನೂರ್ಜಿತ ಎಂದು ಭಾರತೀಯ ಕರಾರು ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಆ ಕಾಗದಕ್ಕೆ ಹೆದರಬೇಡಿ.

ಹಬ್ಬದ ಸೀಸನ್ ಎಂಬ ವಾದವನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಬಟ್ಟೆ ಅಂಗಡಿಗಳಲ್ಲಿ ಎಲ್ಲರೂ ಹೇಳುವುದು ಇದನ್ನೇ. 106ನೇ ಒಡಂಬಡಿಕೆ ವ್ಯಾಪಾರದ ಕಷ್ಟ ಗೊತ್ತಿಲ್ಲದವರು ಬರೆದದ್ದಲ್ಲ. ತಾತ್ಕಾಲಿಕವಾಗಿ ರಜೆ ಮುಂದೂಡಲು ಅದರ 8ನೇ ವಿಧಿ ಮೂರು ಸಂದರ್ಭಗಳಲ್ಲಿ ಬಿಡುತ್ತದೆ. ಅಪಘಾತ ಅಥವಾ ತುರ್ತು ದುರಸ್ತಿ ಒಂದು. ಬೇಗ ಕೆಡುವ ಸಾಮಾನು ಹಾಳಾಗದಂತೆ ಉಳಿಸುವುದು ಇನ್ನೊಂದು. ವಿಶೇಷ ಪರಿಸ್ಥಿತಿಯಿಂದ ಕೆಲಸದ ಒತ್ತಡ ಅಸಾಮಾನ್ಯವಾಗಿ ಏರಿದ್ದು ಮತ್ತೊಂದು. ಈ ಮೂರನೆಯದಕ್ಕೆ ಒಂದು ಕಟ್ಟು ಹಾಕಿದ್ದಾರೆ: ಮಾಲೀಕರಿಂದ ಬೇರೆ ವ್ಯವಸ್ಥೆ ನಿರೀಕ್ಷಿಸಲಾಗದಂಥ ಸ್ಥಿತಿ ಇರಬೇಕು. ದೀಪಾವಳಿ ಯಾವಾಗ ಬರುತ್ತದೆ ಎಂಬುದು ಯುಗಾದಿ ದಿನ ಪಂಚಾಂಗ ತಂದವರಿಗೆಲ್ಲ ಗೊತ್ತು. ಜವಳಿ ಮಾಲು ತಿಂಗಳುಗಳ ಮೊದಲೇ ಬುಕ್ ಆಗಿರುತ್ತದೆ. ಮಾಲಿಗೆ ಮುಂಚಿತವಾಗಿ ತಯಾರಿ ಮಾಡುವವರು ಜನಕ್ಕೂ ಮಾಡಬಹುದು, ಅಲ್ವಾ? ಎರಡು ತಿಂಗಳಿಗೆ ನಾಲ್ಕೈದು ಜನರನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳುವುದು ಬಟ್ಟೆ ಅಂಗಡಿಗಳಿಗೆ ಹೊಸದೇನಲ್ಲ. ಇಷ್ಟಾದ ಮೇಲೂ ರಜೆ ಮುಂದೂಡಲೇಬೇಕಾದರೆ, ಅದೇ ವಿಧಿಯ ಪ್ರಕಾರ ಕನಿಷ್ಠ 24 ಗಂಟೆಯ ಬದಲಿ ವಿಶ್ರಾಂತಿ ಕೊಡಬೇಕು. ನಾವು ಅನುಮೋದಿಸದ ಒಡಂಬಡಿಕೆಯಾದರೂ, ಮಾತುಕತೆಗೆ ಕೂತಾಗ ಈ ಅಳತೆಗೋಲು ಉಪಯೋಗಕ್ಕೆ ಬರುತ್ತದೆ.

ಈಗ ಮಂಗಳವಾರ ಸಂಜೆಯ ಫೋನ್ ವಿಚಾರಕ್ಕೆ ಬರುತ್ತೇನೆ. 'ಎರಡೇ ಗಂಟೆ' ಅನ್ನುವುದು ಕೇಳಲು ಸಣ್ಣದು. ಆದರೆ ನಿಯಮದ ಜೀವ ಇರುವುದೇ 'ಒಂದೇ ಸಮನೆ' ಎಂಬಲ್ಲಿ. ನೀವು ಸೋಮವಾರ ರಾತ್ರಿ ಎಂಟಕ್ಕೆ ಹೊರಬಿದ್ದು ಬುಧವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಹೋದರೆ 38 ಗಂಟೆ ಸಿಗುತ್ತದೆ. 1957ರ ಒಡಂಬಡಿಕೆಯ ಜೊತೆಗೆ ಬಂದ 103ನೇ ಶಿಫಾರಸು ಕನಿಷ್ಠ 36 ಗಂಟೆ ಇರಲಿ ಎನ್ನುತ್ತದೆ. ನಿಮ್ಮ ರಜೆ ಆ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಮಂಗಳವಾರ ಸಂಜೆ ಐದಕ್ಕೆ ಕರೆದು ಏಳಕ್ಕೆ ಬಿಟ್ಟರೆ ಏನಾಗುತ್ತದೆ? ಮೊದಲು 21 ಗಂಟೆ, ಆಮೇಲೆ 15 ಗಂಟೆ. ಕೂಡಿಸಿದರೆ 36 ಬರಬಹುದು, ಆದರೆ ಒಂದೇ ಸಮನೆ 24 ಗಂಟೆ ಎಲ್ಲೂ ಇಲ್ಲ. ಆ ವಾರ ನಿಮಗೆ ರಜೆಯೇ ಸಿಗಲಿಲ್ಲ ಎಂದು ಲೆಕ್ಕ. ಹೋಗಬೇಕಾಗಬಹುದು ಎಂದು ಬೆಳಿಗ್ಗೆಯಿಂದ ಫೋನ್ ಹಿಡಿದು ಕೂತದ್ದು ಬೇರೆ.

ಕಾರ್ಖಾನೆಗಳ ರಾತ್ರಿ ಪಾಳಿಯಲ್ಲಿ ಇದೇ ಮೋಸ ಇನ್ನೊಂದು ವೇಷದಲ್ಲಿ ಬರುತ್ತದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಪಾಳಿ ಮುಗಿಸಿ, ಅದೇ ರಾತ್ರಿ ಹತ್ತಕ್ಕೆ ಮತ್ತೆ ಪಾಳಿಗೆ ಹಾಕಿ, ಹಾಜರಿ ಪುಸ್ತಕದಲ್ಲಿ 'ಭಾನುವಾರ ರಜೆ' ಎಂದು ಬರೆಯುತ್ತಾರೆ. ಸಿಕ್ಕಿದ್ದು 16 ಗಂಟೆ, ಅದೂ ಹಗಲು ನಿದ್ದೆಗೇ ಸರಿ. ಕಾರ್ಖಾನೆ ಕಾಯ್ದೆಯ 57ನೇ ಸೆಕ್ಷನ್ ಇದನ್ನು ಮೊದಲೇ ಊಹಿಸಿತ್ತು. ಪಾಳಿ ಮಧ್ಯರಾತ್ರಿ ದಾಟುವವರಿಗೆ 'ಪೂರ್ತಿ ದಿನ' ಎಂದರೆ ಪಾಳಿ ಮುಗಿದ ಕ್ಷಣದಿಂದ 24 ಗಂಟೆ ಎಂದು ಬಿಡಿಸಿ ಹೇಳಿತ್ತು.

ಪ್ರತಿ ಏಳು ದಿನಕ್ಕೊಮ್ಮೆ ಎಂದರೆ ಆರು ದಿನ ದುಡಿದ ಮೇಲೆ ಏಳನೆಯ ದಿನ ರಜೆಯೇ ಎಂದು ತುಂಬಾ ಜನ ತಿಳಿದಿದ್ದಾರೆ. ಯಾವಾಗಲೂ ಹಾಗಲ್ಲ. ಪೋರ್ಚುಗಲ್‌ನ ಒಂದು ಕ್ಯಾಸಿನೊದಲ್ಲಿ ದುಡಿದಿದ್ದ ನೌಕರರೊಬ್ಬರು ಇದೇ ಪ್ರಶ್ನೆ ಎತ್ತಿದ್ದರು. 2017ರಲ್ಲಿ ಯೂರೋಪ್ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟಿತು: ಏಳು ದಿನದ ಪ್ರತಿ ಕಂತಿನೊಳಗೆ ಯಾವಾಗಲಾದರೂ ಒಂದು ರಜೆ ಬಿದ್ದರೆ ಸಾಕು. ಒಂದು ವಾರದ ಮೊದಲ ದಿನ, ಮುಂದಿನ ವಾರದ ಕೊನೆಯ ದಿನ ರಜೆ ಕೊಟ್ಟರೆ ನಡುವೆ 12 ದಿನ ಸತತ ದುಡಿಮೆ ಆಗುತ್ತದೆ. ಅದೂ ಅಲ್ಲಿನ ನಿಯಮಕ್ಕೆ ಸರಿ ಎಂದಾಯಿತು. ನನಗೆ ಆ ತೀರ್ಪು ಹಿಡಿಸಿಲ್ಲ. ಹನ್ನೆರಡು ದಿನ ನಿಂತು ದುಡಿದ ಕಾಲಿಗೆ ವಾರದ ಲೆಕ್ಕ ತಿಳಿಯುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಕಾರ್ಖಾನೆ ಕಾಯ್ದೆಯೇ ಮೇಲಿತ್ತು. ರಜೆಯನ್ನು ಹಿಂದೆ ಮುಂದೆ ಮಾಡಿದರೂ ಸತತ ಹತ್ತು ದಿನ ಮೀರಬಾರದು ಎಂದು ಅದು ಗೆರೆ ಎಳೆದಿತ್ತು. ಹೊಸ ಸಂಹಿತೆಯಲ್ಲಿ ಆ ಹತ್ತು ದಿನದ ಮಾತು ಮೋಟಾರು ಸಾರಿಗೆಯವರ ಬಗ್ಗೆ ಹೇಳುವಾಗ ಬರುತ್ತದೆ.

ಯಾವ ದಿನ ರಜೆ ಎನ್ನುವುದೂ ಮುಖ್ಯವೇ. ಸಾಧ್ಯವಾದಷ್ಟು ಎಲ್ಲರಿಗೂ ಒಟ್ಟಿಗೆ ಸಿಗಬೇಕು, ಆ ಊರಿನ ರೂಢಿಯ ದಿನಕ್ಕೆ ಹೊಂದಬೇಕು ಎಂದು 1921ರ ಒಡಂಬಡಿಕೆ ಹೇಳಿತ್ತು. ಇದನ್ನು ಮೀರಿದರೆ ಏನಾಗುತ್ತದೆ ಎಂಬುದನ್ನು ಸೋವಿಯತ್ ರಷ್ಯಾ ತೋರಿಸಿತು. ಯಂತ್ರಗಳು ಒಂದು ದಿನವೂ ನಿಲ್ಲಬಾರದೆಂದು 1929ರಲ್ಲಿ ಅಲ್ಲಿ ಐದು ದಿನದ ವಾರ ತಂದರು. ನಾಲ್ಕು ದಿನ ಕೆಲಸ, ಒಂದು ದಿನ ರಜೆ. ರಜೆ ಲೆಕ್ಕದಲ್ಲಿ ಹೆಚ್ಚೇ ಆಯಿತು. ಆದರೆ ಕೆಲಸಗಾರರನ್ನು ಐದು ಬಣ್ಣದ ಗುಂಪುಗಳಾಗಿ ಒಡೆದು ಒಂದೊಂದು ಗುಂಪಿಗೆ ಒಂದೊಂದು ದಿನ ಕೊಟ್ಟರು. ಗಂಡನಿಗೆ ರಜೆ ಇದ್ದಾಗ ಹೆಂಡತಿಗೆ ಇಲ್ಲ, ಇಬ್ಬರಿಗೂ ಇದ್ದಾಗ ಮಕ್ಕಳಿಗೆ ಶಾಲೆ. ಜನ ಬೇಸತ್ತು ಹೋದರು. ಯಂತ್ರಗಳೂ ಬಿಡುವಿಲ್ಲದೆ ಕೆಟ್ಟವು. 1931ರಿಂದಲೇ ಅದನ್ನು ಕೈಬಿಡತೊಡಗಿದರು. 1940ರಲ್ಲಿ ಏಳು ದಿನದ ವಾರ, ಭಾನುವಾರದ ರಜೆ ಎರಡೂ ವಾಪಸ್ ಬಂದವು.

ನಮ್ಮ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಎಷ್ಟೇ ಹದ ಇದ್ದರೂ, ಮಳೆ ಎಷ್ಟೇ ಅವಸರಪಡಿಸಿದರೂ, ಆ ದಿನ ನೊಗ ಕೆಳಗೆ. ಊರಿಗೆ ಊರೇ ಪಾಲಿಸುವುದರಿಂದ ಯಾರೊಬ್ಬರಿಗೂ ತಾವು ಹಿಂದೆ ಬಿದ್ದೆವು ಎನಿಸುವುದಿಲ್ಲ. ಎತ್ತಿಗೆ ಊರು ಕೊಟ್ಟ ಮರ್ಯಾದೆ ಇದು. ರೂಢಿಯ ದಿನ ಎಂದು ಒಡಂಬಡಿಕೆ ಹೇಳುವಾಗ ಇಂಥದ್ದೇ ಅದರ ಮನಸ್ಸಿನಲ್ಲಿರುವುದು. ಸರದಿ ರಜೆ ಇರುವ ನಿಮ್ಮಂಥ ಕಡೆ ಎಲ್ಲರಿಗೂ ಒಂದೇ ದಿನ ಆಗದು, ಒಪ್ಪುತ್ತೇನೆ. ಆದರೆ ತಿಂಗಳಿಗೊಮ್ಮೆಯಾದರೂ ಭಾನುವಾರ ಬರುವಂತೆ ಪಟ್ಟಿ ಹಾಕಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಮಕ್ಕಳಿರುವವರಿಗೆ ಅದರ ಬೆಲೆ ಗೊತ್ತು.

ದುಡ್ಡಿನ ಲೆಕ್ಕಕ್ಕೆ ಬರೋಣ. ನಿಮ್ಮ ಸಂಬಳವನ್ನು ತಿಂಗಳ 26 ಕೆಲಸದ ದಿನಗಳಿಂದ ಭಾಗಿಸಿದರೆ ದಿನಕ್ಕೆ 600. ರಜೆಯ ದಿನ ದುಡಿದದ್ದಕ್ಕೆ ಅವರು ಕೊಡುತ್ತಿರುವುದು ಅಷ್ಟೇ. ಆ ನಾಲ್ಕು ಸಂಹಿತೆಗಳಲ್ಲಿ ಇನ್ನೊಂದಾದ ವೇತನ ಸಂಹಿತೆಯ 13ನೇ ಸೆಕ್ಷನ್ ವಿಶ್ರಾಂತಿಯ ದಿನದ ಕೆಲಸಕ್ಕೆ ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ದರಕ್ಕಿಂತ ಕಡಿಮೆ ಇರಬಾರದು ಎಂಬ ಅಳತೆಯನ್ನು ಇಟ್ಟಿದೆ. 14ನೇ ಸೆಕ್ಷನ್ ಪ್ರಕಾರ ಓಟಿ ಎಂದರೆ ಕನಿಷ್ಠ ಎರಡು ಪಟ್ಟು. ಅಂದರೆ 1,200 ರೂಪಾಯಿ. ನಮ್ಮ ಅಂಗಡಿ ಕಾಯ್ದೆಯಲ್ಲೂ ಓಟಿಗೆ ಎರಡು ಪಟ್ಟೇ ಇದೆ. ಇದರ ಜೊತೆಗೆ ನೀವು ಗಮನಿಸದ ಇನ್ನೊಂದು ವಿಷಯ ನಿಮ್ಮ ಪತ್ರದಲ್ಲೇ ಇದೆ. ಊಟದ ಹೊತ್ತು ಕಳೆದು ದಿನಕ್ಕೆ 9 ಗಂಟೆಯಂತೆ ಆರು ದಿನಕ್ಕೆ 54 ಗಂಟೆ ಆಗುತ್ತದೆ. ವಾರದ ಮಿತಿ 48. ರಜೆ ಸಿಕ್ಕ ವಾರದಲ್ಲೂ ನಿಮಗೆ 6 ಗಂಟೆಯ ಓಟಿ ಬರಬೇಕು. ಇದು ಸಿಗುತ್ತಿದೆಯಾ ನೋಡಿಕೊಳ್ಳಿ.

ಸೀಸನ್ನಿನಲ್ಲಿ ಏಳೂ ದಿನ ದುಡಿದರೆ ಅದು 63 ಗಂಟೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚಿನ ದುಡಿಮೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಎಲ್‌ಒ 2021ರಲ್ಲಿ ಒಟ್ಟಿಗೆ ಒಂದು ಅಂದಾಜು ಪ್ರಕಟಿಸಿದವು. 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ ಇವರಿಗೆ ಪಾರ್ಶ್ವವಾಯು ಬಡಿಯುವ ಅಪಾಯ 35 ಶೇಕಡ ಜಾಸ್ತಿ, ಹೃದ್ರೋಗದಿಂದ ಸಾಯುವ ಅಪಾಯ 17 ಶೇಕಡ ಜಾಸ್ತಿ. 2016ರ ಒಂದೇ ವರ್ಷದಲ್ಲಿ ಇಂಥ ದುಡಿಮೆಯಿಂದ ಜಗತ್ತಿನಲ್ಲಿ 7,45,000 ಜನ ಸತ್ತಿದ್ದಾರೆ ಎಂದು ಆ ಅಂದಾಜು. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಎರಡು ತಿಂಗಳ ಸೀಸನ್ ಮತ್ತು ವರ್ಷಗಟ್ಟಲೆಯ ದುಡಿಮೆ ಒಂದೇ ಅಲ್ಲ. ಆದರೆ ರಜೆ ಎನ್ನುವುದು ಸುಮ್ನೆ ಮಲಗಲು ಕೇಳುವ ಸೋಮಾರಿತನ ಎಂದು ಯಾರಾದರೂ ನಕ್ಕರೆ, ಆಗ ಹೇಳಲು ಈ ಲೆಕ್ಕ ಇರಲಿ. ಮಾಲೀಕರಿಗೂ ಇದರಲ್ಲಿ ಲಾಭವಿಲ್ಲ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಭಾನುವಾರವೂ ದುಡಿಸುತ್ತಿದ್ದರು. ಅದನ್ನು ನೋಡಲು ಸರ್ಕಾರವೇ ನೇಮಿಸಿದ ಸಮಿತಿ, ಭಾನುವಾರದ ದುಡಿಮೆಯಿಂದ ಹೇಳಿಕೊಳ್ಳುವಂಥ ಲಾಭವಿಲ್ಲ, ವಾರಕ್ಕೊಂದು ದಿನ ಬಿಡಿ ಎಂದು ಹೇಳಿತು. ಯುದ್ಧದ ಅವಸರಕ್ಕಿಂತ ದೊಡ್ಡ ಸೀಸನ್ ಇದೆಯೇ?

ನಿಮ್ಮ ಭಾವನಿಗೂ ಒಂದು ಮಾತು. ದುಬೈನಲ್ಲಿ ಈಗ ನಡೆಯುತ್ತಿರುವುದು 2021ರ ಕಾರ್ಮಿಕ ಕಾನೂನು. ಖಾಸಗಿ ಕೆಲಸದಲ್ಲಿ ವಾರಕ್ಕೆ ಕನಿಷ್ಠ ಒಂದು ದಿನ ಸಂಬಳ ಸಹಿತ ರಜೆ. ಆ ದಿನ ದುಡಿಸಿದರೆ ಬದಲಿ ರಜೆ ಕೊಡಬೇಕು, ಇಲ್ಲವೇ ಆ ದಿನದ ಮೂಲ ವೇತನದ ಮೇಲೆ ಕನಿಷ್ಠ ಅರ್ಧದಷ್ಟು ಸೇರಿಸಿ ಕೊಡಬೇಕು. ಅಂದರೆ ಅಲ್ಲಿ ದುಡ್ಡಿನ ದಾರಿ ತೆರೆದಿದೆ. ಆದರೂ ದಿನಗೂಲಿಯವರನ್ನು ಬಿಟ್ಟು ಉಳಿದವರನ್ನು ಸತತ ಎರಡಕ್ಕಿಂತ ಹೆಚ್ಚು ರಜೆಗಳಲ್ಲಿ ದುಡಿಸುವಂತಿಲ್ಲ. ನಮ್ಮ ಕರಾವಳಿಯಿಂದ, ಕಲ್ಯಾಣ ಕರ್ನಾಟಕದಿಂದ ಕೊಲ್ಲಿಗೆ ಹೋದ ಎಷ್ಟೋ ಜನರಿಗೆ ಈ ಎರಡನೇ ಮಾತು ಗೊತ್ತಿರುವುದಿಲ್ಲ. ಅವರಿಗೆ ಹೇಳಿ.

ಮನೆಗೆಲಸದವರ ಪಾಡು ಇನ್ನೂ ಕಷ್ಟ. ಅವರಿಗೂ ವಾರಕ್ಕೆ ಒಂದೇ ಸಮನೆ 24 ಗಂಟೆ ಬಿಡುವು ಬೇಕೆಂದು 2011ರ 189ನೇ ಒಡಂಬಡಿಕೆ ಹೇಳುತ್ತದೆ. ಭಾರತ ಅದನ್ನೂ ಅನುಮೋದಿಸಿಲ್ಲ. ಸಿಂಗಪುರದಲ್ಲಿ ಮನೆಗೆಲಸದವರ ರಜೆಯನ್ನು ದುಡ್ಡು ಕೊಟ್ಟು ತಪ್ಪಿಸುವುದು ಎಷ್ಟು ಹಬ್ಬಿತ್ತೆಂದರೆ, 2023ರ ಜನವರಿಯಿಂದ ಅಲ್ಲಿನ ಸರ್ಕಾರ ತಿಂಗಳಿಗೆ ಕನಿಷ್ಠ ಒಂದು ರಜೆಯನ್ನು ಯಾವ ಹಣಕ್ಕೂ ಮಾರುವಂತಿಲ್ಲ ಎಂದು ನಿಯಮ ಮಾಡಬೇಕಾಯಿತು. ನಮ್ಮ ಮನೆಗೆ ಬರುವ ಅಕ್ಕನಿಗೆ ವಾರದ ರಜೆ ಕೊಟ್ಟಿದ್ದೇವಾ ಎಂದು ಇದನ್ನು ಓದುವವರೆಲ್ಲ ಕೇಳಿಕೊಳ್ಳಬೇಕು.

ಈಗ ನೀವು ಏನು ಮಾಡಬಹುದು? ಮೊದಲು ದಾಖಲೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಬರೆಯಿರಿ. ರಜೆಯ ದಿನ ಬಂದ ವಾಟ್ಸಾಪ್ ಸಂದೇಶ, ಕಾಲ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಡಿ. 600 ರೂಪಾಯಿ ಬ್ಯಾಂಕಿಗೆ ಬಂದಿದ್ದರೆ ಅದೇ ನಿಮಗೆ ಸಾಕ್ಷಿ: ಆ ದಿನ ನೀವು ದುಡಿದಿರಿ ಎಂದು ಅವರೇ ಒಪ್ಪಿದಂತೆ. ಆಮೇಲೆ ಒಬ್ಬರೇ ಹೋಗಬೇಡಿ. ಇಪ್ಪತ್ತೆರಡರಲ್ಲಿ ನಾಲ್ಕೈದು ಜನರಾದರೂ ಸೇರಿ ಒಂದು ಸರಳ ಪತ್ರ ಕೊಡಿ. ಜಗಳದ ಮಾತು ಬೇಡ. ಈ ಸೀಸನ್ನಿನ ರಜೆಗಳನ್ನು ಸರದಿಯಲ್ಲಿ ಹೇಗೆ ಕೊಡಬಹುದು ಎಂದು ನೀವೇ ಒಂದು ಪಟ್ಟಿ ಮಾಡಿ ಜೊತೆಗಿಡಿ. ಬಾಕಿ ರಜೆಗಳನ್ನು ಯಾವ ದಿನಾಂಕಕ್ಕೆ ಕೊಡುತ್ತೀರಿ ಎಂದು ಬರಹದಲ್ಲಿ ಕೇಳಿ. ತುಂಬಾ ಮಾಲೀಕರು ಈ ಹಂತದಲ್ಲೇ ದಾರಿಗೆ ಬರುತ್ತಾರೆ, ಏಕೆಂದರೆ ಅನುಭವಿ ಸೀರೆ ಸೇಲ್ಸ್‌ನವರು ಸುಲಭಕ್ಕೆ ಸಿಗುವುದಿಲ್ಲ. 'ನಿನ್ನನ್ನು ಫ್ಲೋರ್ ಮ್ಯಾನೇಜರ್ ಮಾಡಿದ್ದೇವೆ, ಮ್ಯಾನೇಜರಿಗೆ ಈ ಕಾಯ್ದೆ ಇಲ್ಲ' ಎಂಬ ಮಾತು ಬಂದರೆ ಗಾಬರಿಯಾಗಬೇಡಿ. ಆಡಳಿತದ ಹುದ್ದೆಯವರು ಕಾಯ್ದೆಯ ಹೊರಗೆ ಇರುವುದು ನಿಜ. ಆದರೆ ನೋಡುವುದು ಬ್ಯಾಡ್ಜಿನ ಮೇಲಿನ ಹೆಸರನ್ನಲ್ಲ, ಮಾಡುವ ಕೆಲಸವನ್ನು.

ದಾರಿಗೆ ಬರದಿದ್ದರೆ ನಿಮ್ಮ ಪ್ರದೇಶದ ಕಾರ್ಮಿಕ ನಿರೀಕ್ಷಕರಿಗೆ ದೂರು ಬರೆದು, ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಅಂಗಡಿಯ ರಿಜಿಸ್ಟರ್ ತರಿಸಿ ನೋಡುವ ಅಧಿಕಾರ ಅವರಿಗಿದೆ. ಬರಬೇಕಾದ ಹಣಕ್ಕೆ ವೇತನ ಸಂಹಿತೆಯ ಪ್ರಕಾರ ಬೇರೆಯೇ ಅರ್ಜಿ ಹಾಕಬೇಕು. ಅದಕ್ಕೆ ಈಗ ಮೂರು ವರ್ಷದ ಅವಕಾಶವಿದೆ. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಆರೇ ತಿಂಗಳು ಇತ್ತು. ಐಎಲ್‌ಒಗೆ ನೀವು ನೇರವಾಗಿ ಬರೆಯಲಾಗದು. ಅಲ್ಲಿಗೆ ದೂರು ಒಯ್ಯುವ ದಾರಿ ಇರುವುದು ಕಾರ್ಮಿಕ ಸಂಘಗಳಿಗೆ. ಊರಿನಲ್ಲಿ ಅಂಗಡಿ ಕೆಲಸಗಾರರ ಸಂಘ ಇದ್ದರೆ ಸೇರಿ. ಇಲ್ಲದಿದ್ದರೆ, ನೀವಿರುವ ಇಪ್ಪತ್ತೆರಡು ಜನ ಮತ್ತು ಪಕ್ಕದ ಅಂಗಡಿಯವರು ಸೇರಿದರೆ ಒಂದು ಸಂಘಕ್ಕೆ ಸಾಕು. ಸಂಘ ನೋಂದಾಯಿಸಲು ಕಾನೂನು ಕೇಳುವುದು ಅರ್ಜಿಗೆ ಸಹಿ ಹಾಕುವ ಏಳು ಸದಸ್ಯರನ್ನು. ಅದರ ಜೊತೆಗೆ ಇರುವ ಉಳಿದ ಷರತ್ತುಗಳನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡು, ಮುಂದಿನ ಗಣೇಶನ ಹಬ್ಬಕ್ಕೆ ಮೊದಲೇ ಶುರು ಮಾಡಿ.